ಮೇ 31ರ ಶಾಲು

ಮೇ 31 ಬಂತೆಂದರೆ ತಾಲ್ಲೂಕು ಕೇಂದ್ರಗಳ ಶಾಲು-ಹಾರದ ಅಂಗಡಿಗಳಿಗೆ ಸುಗ್ಗಿ. ಸರ್ಕಾರಿ ನೌಕರರು ಪ್ರತಿ ತಿಂಗಳೂ ನಿವೃತ್ತರಾಗುತ್ತಾರೆ ನಿಜ, ಆದರೆ ಮೇ ಕೊನೆಯ ದಿನದ ಜಾತ್ರೆಯೇ ಬೇರೆ. ಅದರ ಹಿಂದಿರುವುದು ಹಳೆಯ ಕಾಲದ ಪ್ರಾಥಮಿಕ ಶಾಲೆಯ ಮೇಷ್ಟ್ರ ಲೇಖನಿ. ಮಗನನ್ನು ಒಂದನೇ ತರಗತಿಗೆ ಸೇರಿಸಲು ಬಂದ ಅಪ್ಪನಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. 'ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ' ಎನ್ನುತ್ತಿದ್ದ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ನೋಡಿ, ಮುಟ್ಟಿದರೆ ವಯಸ್ಸು ಸಾಕು ಎಂದು ತೀರ್ಮಾನಿಸಿ, ದಾಖಲಾತಿ ಪುಸ್ತಕದಲ್ಲಿ 'ಜೂನ್ 1' ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸೇವಾ ನಿಯಮ. ಹೀಗೆ ಮೇಷ್ಟ್ರ ಒಂದು ಅಂದಾಜಿನಿಂದಾಗಿ, 60 ತುಂಬಿದ ಗುಮಾಸ್ತರು, ಶಿಕ್ಷಕರು, ಕಂಡಕ್ಟರುಗಳು, ಸರ್ವೇಯರುಗಳು ಒಂದೇ ಸಂಜೆ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುತ್ತಾರೆ.

ಆ ಸಮಾರಂಭಗಳಲ್ಲಿ ಕೂತವರಿಗೆ ಅದರ ಕ್ರಮ ಬಾಯಿಪಾಠ. ಮಧ್ಯಾಹ್ನ ಮೂರಕ್ಕೆಂದು ಹೇಳಿ ನಾಲ್ಕೂವರೆಗೆ ಶುರು. ಎರಡು ಮೇಜು ಜೋಡಿಸಿ ಹಾಸಿದ ಬಟ್ಟೆ, ಪಕ್ಕದ ಶಾಲೆಯಿಂದ ತಂದ ಮೈಕು, ಹಿಂದೆ ಫ್ಲೆಕ್ಸು. ಮೈಸೂರು ಪೇಟ ತಲೆಗೆ ಸರಿಯಾಗಿ ಕೂರದೆ ಕಿವಿಯ ಮೇಲೆ ಜಾರುತ್ತದೆ. ಒಬ್ಬರಾದ ಮೇಲೊಬ್ಬರು ಎದ್ದು 'ಅಜಾತಶತ್ರು', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ಕಚೇರಿಗೆ ತುಂಬಲಾರದ ನಷ್ಟ' ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಮನೆಯಾಕೆ, ಮೂವತ್ತೈದು ವರ್ಷದಿಂದ ತಾನು ಬಡಿಸಿದ ಮನುಷ್ಯ ಇಷ್ಟು ದೊಡ್ಡವರೇ ಎಂದು ಮೊದಲ ಸಲ ಕೇಳಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಹೊಗಳಿಕೆಯಲ್ಲಿ ಆ ಮನುಷ್ಯ ಇಂಥ ದಿನ ಇಂಥ ಕೆಲಸ ಮಾಡಿದರು ಎಂಬ ಒಂದು ವಾಕ್ಯ ಅಪ್ಪಿತಪ್ಪಿಯೂ ಬರುವುದಿಲ್ಲ. ಬಂದರೆ ಅದು ವೇದಿಕೆಯಿಂದ ಬರುವುದಿಲ್ಲ. ಕೊನೆಯಲ್ಲಿ ಬಾಗಿಲ ಬಳಿ ನಿಂತ ಯಾರೋ ಒಬ್ಬ ರೈತ ಕೈ ಎತ್ತಿ, 'ಸಾಹೇಬ್ರು ನಮ್ಮಪ್ಪನ ಪಹಣೀಲಿ ಹೆಸರು ತಪ್ಪಿದ್ದನ್ನ ಹಳೇ ರಿಜಿಸ್ಟ್ರು ಹುಡುಕಿ ತೆಗೆದು ಸರಿ ಮಾಡಿಕೊಟ್ರು, ಒಂದು ಕಾಫಿ ಕುಡೀಲಿಲ್ಲ' ಎಂದಾಗ ಮಾತ್ರ ಸಭೆ ಒಂದು ಕ್ಷಣ ತಲೆ ಎತ್ತುತ್ತದೆ. ಆ ಮಾತು ಅವರ ಸೇವಾ ಪುಸ್ತಕಕ್ಕೆ ಸೇರಬೇಕಿತ್ತು. ಸೇರುವ ಹೊತ್ತಿಗೆ ಪುಸ್ತಕವೇ ಮುಚ್ಚಿ ಪಿಂಚಣಿ ಶಾಖೆಗೆ ಹೋಗಿರುತ್ತದೆ.

ಸರ್ಕಾರಿ ನೌಕರನನ್ನು ಸೇವೆಯಲ್ಲಿದ್ದಾಗಲೇ ಮೆಚ್ಚುವುದು ಹೇಗೆ? ಪ್ರಶ್ನೆ ಸರಳವಾಗಿ ಕಂಡರೂ ಉತ್ತರಕ್ಕೆ ನಿಯಮದ ತೊಡಕಿದೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964ರ 14ನೇ ನಿಯಮದ ಪ್ರಕಾರ ಸರ್ಕಾರಿ ನೌಕರ ಪೂರ್ವಾನುಮತಿ ಇಲ್ಲದೆ ಅಭಿನಂದನಾ ಪತ್ರ, ಮಾನಪತ್ರ ಸ್ವೀಕರಿಸುವಂತಿಲ್ಲ. ತನ್ನ ಗೌರವಾರ್ಥ ನಡೆಯುವ ಸಭೆಗೂ ಹೋಗುವಂತಿಲ್ಲ. ವರ್ಗಾವಣೆ, ನಿವೃತ್ತಿಯ ಸಂದರ್ಭದ ಖಾಸಗಿ, ಅನೌಪಚಾರಿಕ ಬೀಳ್ಕೊಡುಗೆಗೆ ವಿನಾಯಿತಿ ಇದೆ. ರಾಜ್ಯದ ನಡತೆ ನಿಯಮಗಳದ್ದೂ ಇದೇ ಧಾಟಿ. ಮೊದಲ ಓದಿಗೆ ಇದು ಕಟುಕತನ ಎನಿಸುತ್ತದೆ. ಆದರೆ ಕಲೆಕ್ಟರುಗಳಿಗೂ ದಿವಾನರಿಗೂ ಬೆಳ್ಳಿಯ ಕರಂಡಕದಲ್ಲಿ ಬಿನ್ನವತ್ತಳೆ ಒಪ್ಪಿಸುತ್ತಿದ್ದ ಕಾಲವನ್ನು ನೆನೆದರೆ ನಿಯಮದ ಜಾಣತನ ಗೊತ್ತಾಗುತ್ತದೆ. ಆ ಕರಂಡಕದ ಚಂದಾ ಕೊಟ್ಟವರೆಲ್ಲ ಪ್ರೀತಿಯಿಂದ ಕೊಟ್ಟವರಾಗಿರಲಿಲ್ಲ. ಅಧಿಕಾರದಲ್ಲಿ ಕೂತವನಿಗೆ ಕೆಳಗಿನವರು ಒಪ್ಪಿಸುವ ಹೊಗಳಿಕೆಯ ಮೇಲೆ ಸದಾ ಒಂದು ಕಣ್ಣಿರಬೇಕು. ಆ ಮಟ್ಟಿಗೆ ನಿಯಮ ಸರಿಯೇ.

ಕಣ್ಣು ಇಡಬೇಕಾದದ್ದು ಮೇಲಿನವರ ಮೇಲೆ. ಕಂಬ ಹತ್ತುವವನಿಗೆ, ಬೀದಿ ಗುಡಿಸುವಾಕೆಗೆ, ನೀರುಗಂಟಿಗೆ ಬಿನ್ನವತ್ತಳೆ ಒಪ್ಪಿಸಿದವರು ಯಾವ ಕಾಲದಲ್ಲೂ ಇರಲಿಲ್ಲ, ಹಾಗಾಗಿ ಅವರ ಮಟ್ಟಿಗೆ ಈ ನಿಷೇಧ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಂಬ ಹತ್ತುವವನ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅವನನ್ನು ಊರು 'ಕೆಇಬಿಯವನು' ಎನ್ನುತ್ತದೆ. ಕೆಇಬಿ ಇಲ್ಲವಾಗಿ ಕಾಲು ಶತಮಾನ ಕಳೆಯಿತು. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿ 1999ರ ಆಗಸ್ಟ್‌ನಲ್ಲಿ ಕೆಪಿಟಿಸಿಎಲ್ ಆಯಿತು. 2002ರ ಜೂನ್‌ನಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಬಂದವು. ಕಾಗದದಲ್ಲಿ ಅವನೀಗ ಸರ್ಕಾರಿ ಸ್ವಾಮ್ಯದ ಕಂಪನಿಯ ನೌಕರ, ಹುದ್ದೆಯ ಹೆಸರು ಪವರ್‌ಮ್ಯಾನ್. ಕರೆಂಟು ಹೋದಾಗ ಬೈಸಿಕೊಳ್ಳುವುದು ಮಾತ್ರ ಕೆಇಬಿಯ ಹೆಸರಿನಲ್ಲೇ. 2024ರಲ್ಲಿ ಕೆಪಿಟಿಸಿಎಲ್ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್‌ಗಳ 2,975 ಹುದ್ದೆಗೆ ಅರ್ಜಿ ಕರೆಯಿತು. ಎಸ್ಸೆಸ್ಸೆಲ್ಸಿ ಅಂಕ ಎಷ್ಟೇ ಇರಲಿ, 8 ಮೀಟರ್ ಕಂಬವನ್ನು ಹತ್ತಿ ತೋರಿಸುವುದು ಕಡ್ಡಾಯವಾಗಿತ್ತು. ಹಗಲು ಹೊತ್ತಿನ ಒಣ ಮೈದಾನದಲ್ಲಿ ನಡೆಯುವ ಪರೀಕ್ಷೆ ಅದು. ನಿಜವಾದ ಪರೀಕ್ಷೆ ಇರುವುದು ಮಳೆಗಾಲದಲ್ಲಿ.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನ ಒಂದು ಜುಲೈ ರಾತ್ರಿ ಎಂದಿಟ್ಟುಕೊಳ್ಳಿ. ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಅವುಗಳ ನಡುವೆ ಅಡಿಕೆ ತೋಟ, ಹಳ್ಳ, ಕಾಡು ದಾಟಿ ಹೋದ ತಂತಿ. ಗಾಳಿಗೆ ಎಲ್ಲೋ ಒಂದು ಮರ ಬಿದ್ದು 11 ಕೆವಿ ಫೀಡರ್ ಟ್ರಿಪ್ ಆಗುತ್ತದೆ. ಸಬ್‌ಸ್ಟೇಷನ್‌ನ ಆಪರೇಟರ್ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ, ನಿಲ್ಲುವುದಿಲ್ಲ. ಇನ್ನು ಯಾರಾದರೂ ಲೈನ್ ಗುಂಟ ನಡೆದು ಹುಡುಕಲೇಬೇಕು. ಮರ ಬಿದ್ದಿದ್ದರೆ ಅದೃಷ್ಟ, ಕಣ್ಣಿಗೆ ಕಾಣುತ್ತದೆ. ಪಿಂಗಾಣಿಯ ಪಿನ್ ಇನ್ಸುಲೇಟರ್ ಒಳಗೇ ಪಂಕ್ಚರ್ ಆಗಿದ್ದರೆ ಕೆಳಗೆ ನಿಂತು ಟಾರ್ಚ್ ಬಿಟ್ಟರೂ ತಿಳಿಯದು. ಆಗ ಲೈನನ್ನು ತುಂಡು ತುಂಡಾಗಿ ಬೇರ್ಪಡಿಸಬೇಕು. ಒಂದು ಕಡೆಯ ಜಿಓಎಸ್ ಸ್ವಿಚ್ ತೆಗೆದು ಇತ್ತ ಚಾರ್ಜ್ ಮಾಡಿಸಿ ನೋಡು, ನಿಂತರೆ ದೋಷ ಅತ್ತ. ಮತ್ತೆ ಮುಂದಿನ ಸ್ವಿಚ್. ಹೀಗೆ ಸೋಸುತ್ತ ಹೋಗುವಾಗ ಜೇಬಿನಲ್ಲಿನ ಮೊಬೈಲ್ ಬಿಡದೆ ಬಡಿದುಕೊಳ್ಳುತ್ತಿರುತ್ತದೆ. 'ಎಂತ ಮಾರಾಯಾ, ಕರೆಂಟ್ ಬರ್ತದಾ ಇವತ್ತು?' ಎಂದು ಕೇಳುವವರು ಮರ್ಯಾದಸ್ಥರು. ಉಳಿದವರ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ದೋಷ ಸಿಕ್ಕ ಮೇಲೆ ಶುರುವಾಗುವುದೇ ಅಪಾಯದ ಭಾಗ. ಕಂಬಕ್ಕೆ ಕೈ ಹಚ್ಚುವ ಮುನ್ನ 'ಎಲ್‌ಸಿ', ಅಂದರೆ ಲೈನ್ ಕ್ಲಿಯರ್ ತಗೋಬೇಕು. ಸಬ್‌ಸ್ಟೇಷನ್‌ನವರು ಬ್ರೇಕರ್ ತೆಗೆದು, ಲೈನನ್ನು ಬೇರ್ಪಡಿಸಿ, ಅರ್ಥ್ ಮಾಡಿ, ಎಲ್‌ಸಿ ನಂಬರ್ ಹೇಳುತ್ತಾರೆ. ಎರಡೂ ಕಡೆ ಅದನ್ನು ಬರೆದುಕೊಳ್ಳುತ್ತಾರೆ. ಅಷ್ಟಕ್ಕೇ ನಂಬಿಕೊಂಡು ಹತ್ತುವಂತಿಲ್ಲ. ತಂತಿಯಲ್ಲಿ ಜೀವ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ಥ್ ರಾಡ್ ಹಾಕಬೇಕು. ಏಕೆಂದರೆ ವಿದ್ಯುತ್ ಸಬ್‌ಸ್ಟೇಷನ್ ಕಡೆಯಿಂದಲೇ ಬರಬೇಕೆಂದೇನೂ ಇಲ್ಲ. ಯಾವುದೋ ಮನೆಯಲ್ಲಿ, ಅಂಗಡಿಯಲ್ಲಿ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸಿದರೆ ಅದು ಹಿಮ್ಮುಖವಾಗಿ ಲೈನಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಬಳಿಗೆ ಬಂದರೆ ಅದೇ ಇನ್ನೂರಮೂವತ್ತು ವೋಲ್ಟನ್ನು ಸಾವಿರಾರು ವೋಲ್ಟ್ ಮಾಡಿ ಕಂಬದ ತುದಿಗೆ ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಅರ್ಥ್ ರಾಡ್ ತೆಗೆದು, ಜೊತೆಗಿದ್ದವರೆಲ್ಲ ಕೆಳಗಿಳಿದಿದ್ದಾರೆಂದು ತಲೆ ಎಣಿಸಿ, ಎಲ್‌ಸಿ ವಾಪಸು. ಈ ಸರಪಳಿಯ ಒಂದು ಕೊಂಡಿ ಅವಸರಕ್ಕೆ ಸಿಕ್ಕಿದರೂ ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ.

ಅವಸರ ಹುಟ್ಟುವುದು ಎಲ್ಲಿಂದ? ಬಹಳ ಸಲ ನಮ್ಮ ಫೋನಿನಿಂದ. ಪವರ್‌ಮ್ಯಾನ್‌ಗೆ ನಿಜಕ್ಕೂ ಉಪಕಾರ ಮಾಡಬೇಕೆಂದರೆ ಶಾಲು ಬೇಡ, ಜನರೇಟರ್‌ಗೆ ಚೇಂಜ್‌ಓವರ್ ಹಾಕಿಸಿ. ಬೇಸಗೆಯಲ್ಲೇ ಲೈನಿಗೆ ತಾಗುವ ಕೊಂಬೆ ಕಡಿಯಲು ಬಂದಾಗ 'ನಮ್ಮ ಹಲಸಿನ ಮರ ಮುಟ್ಟಬೇಡಿ' ಎಂದು ಅಡ್ಡ ನಿಲ್ಲಬೇಡಿ. ಮಲೆನಾಡಿನಲ್ಲಿ ಮೇ ತಿಂಗಳ ಈ ಜಗಳ ಪ್ರತಿ ವರ್ಷದ್ದು. ಅದೇ ಕೊಂಬೆ ಜುಲೈಯಲ್ಲಿ ತಂತಿಯ ಮೇಲೆ ಬಿದ್ದಾಗ ಮೊದಲ ಫೋನು ಆ ಮನೆಯಿಂದಲೇ ಬರುತ್ತದೆ. ಇದೇ ಬಗೆಯ ಉಪಕಾರಗಳು ಇನ್ನೂ ಇವೆ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಕಸಕ್ಕೆ ಕೊಟ್ಟರೆ ಪೌರಕಾರ್ಮಿಕರ ಕೈ ಉಳಿಯುತ್ತದೆ. ಮೀಟರ್ ಓದುವವರು, ಅಂಚೆಯವರು, ಆಶಾ ಕಾರ್ಯಕರ್ತೆಯರು ಬರುವ ಹೊತ್ತಿಗೆ ನಾಯಿ ಕಟ್ಟಿಹಾಕಿದರೆ ಅವರ ಕಾಲು ಉಳಿಯುತ್ತದೆ. 'ನಮ್ಮ ನಾಯಿ ಏನೂ ಮಾಡಲ್ಲ, ಬನ್ನಿ' ಎಂಬ ಮಾತನ್ನು ನಂಬಿ ಕಚ್ಚಿಸಿಕೊಂಡವರು ಎಲ್ಲ ಇಲಾಖೆಗಳಲ್ಲೂ ಇದ್ದಾರೆ.

'ಸಂಬಳ ತಗೋತಾರಲ್ವಾ, ಅದರ ಮೇಲೆ ಥ್ಯಾಂಕ್ಸ್ ಬೇರೆ ಯಾಕೆ?' ಎಂಬ ಪ್ರಶ್ನೆ ಈ ಹೊತ್ತಿಗೆ ಎದ್ದಿರುತ್ತದೆ. ಅದು ಸಿಟ್ಟಿನ ಪ್ರಶ್ನೆ, ಸಿಟ್ಟಿಗೆ ಕಾರಣವೂ ಇದೆ. ವಿಧಾನಸೌಧದ ಹಣೆಯ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಿಂದ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದೆ. ದೇವರ ಕೆಲಸ ಅಂದಮೇಲೆ ಕಾಣಿಕೆ ಇಲ್ಲದೆ ಆಗುತ್ತದೆಯೇ ಎಂಬ ಚಟಾಕಿ ರಾಜ್ಯದ ಪ್ರತಿ ಟೀ ಅಂಗಡಿಯಲ್ಲೂ ಹಳಸಿದೆ. ಸಹಿಗಾಗಿ ಮೂರು ಸಲ ಅಲೆದವನಿಗೆ ಮೆಚ್ಚುಗೆಯ ಪಾಠ ಹೇಳಿದರೆ ಅವನು ಎದ್ದು ಹೋಗುತ್ತಾನೆ. ಅಲೆದಾಟ ತಪ್ಪಿಸಲೆಂದೇ 2011ರಲ್ಲಿ ಕರ್ನಾಟಕ ನಾಗರಿಕ ಸೇವಾ ಖಾತರಿ ಕಾಯ್ದೆ ಬಂತು. 2012ರ ಏಪ್ರಿಲ್‌ನಲ್ಲಿ 'ಸಕಾಲ' ಎಂಬ ಹೆಸರಿನಲ್ಲಿ ಅದು ಜಾರಿಯಾಯಿತು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರ ಕೇಳಬಹುದು. ಇದಲ್ಲದೆ ಲೋಕಾಯುಕ್ತ ಇದೆ, ಜನಸ್ಪಂದನ ಇದೆ, ವಿದ್ಯುತ್ ದೂರಿಗೆ 1912 ಇದೆ. ದೂರಿಗೆ ಹತ್ತು ಬಾಗಿಲು ತೆರೆದಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಒಂದು ಅರ್ಜಿ ಇಪ್ಪತ್ತೊಂದು ದಿನದ ಗಡುವಿದ್ದರೂ ಎರಡೇ ದಿನದಲ್ಲಿ ವಿಲೇವಾರಿಯಾದರೆ ಅದನ್ನು ಯಾರು ಮಾಡಿದರು ಎಂದು ಬರೆದುಕೊಳ್ಳುವ ಕಾಲಂ ಯಾವ ರಿಜಿಸ್ಟರಿನಲ್ಲೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲ್ಲರನ್ನೂ ಒಂದೇ ಕಸಬರಿಗೆಯಲ್ಲಿ ಗುಡಿಸುವ ಊರಿನಲ್ಲಿ ಕಳ್ಳನಿಗೇ ಹೆಚ್ಚು ಲಾಭ. 'ಎಲ್ಲರೂ ಹಾಗೇ ಬಿಡಿ' ಎಂಬ ಮಾತಿನ ನೆರಳಿನಲ್ಲಿ ಅವನು ಆರಾಮವಾಗಿ ಕೂತಿರುತ್ತಾನೆ, ಪಕ್ಕದ ಮೇಜಿನ ಪ್ರಾಮಾಣಿಕನಿಗೂ ಅದೇ ಬೈಗುಳ.

ಖುಷಿ ಹೇಳಲು ನಮಗೆ ಗೊತ್ತಿರುವ ಇನ್ನೊಂದು ದಾರಿ ಜೇಬು. ಕೆಲಸ ಆದ ಮೇಲೆ 'ಏನೋ ಖುಷಿಗೆ', 'ಕಾಫಿ-ಟೀಗೆ ಇರಲಿ' ಎಂದು ಮಡಚಿದ ನೋಟು ಕೈಗಿಡುತ್ತೇವೆ. ಕೇಳದೆ ಕೊಟ್ಟದ್ದು ಲಂಚವೇ ಎಂದು ವಾದಿಸುವವರಿದ್ದಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ನಂತರ ಲಂಚ ಕೊಡುವವನೂ ನೇರವಾಗಿ ಅಪರಾಧಿ, ಅದು ಒಂದು ಮಾತು. ಕಾನೂನಿಗಿಂತ ದೊಡ್ಡ ಹಾನಿ ಬೇರೆ ಇದೆ. ಹತ್ತು ಜನ ಖುಷಿಗೆ ಕೊಟ್ಟ ಮೇಲೆ ಹನ್ನೊಂದನೆಯವನಿಗೆ ಅದು ದರವಾಗುತ್ತದೆ. ಒಳ್ಳೆಯ ನೌಕರನನ್ನು ಕೆಡಿಸಲು ಇದಕ್ಕಿಂತ ಮೃದುವಾದ ಉಪಾಯವಿಲ್ಲ. ನೋಟು ಬೇಡವೆಂದು ಕೈ ಹಿಂದಕ್ಕೆಳೆದುಕೊಂಡವರ ಮುಂದೆ ಪೆಚ್ಚಾಗಿ ನಿಲ್ಲುವ ನಮಗೆ, ಆ ಹೊತ್ತಿಗೆ ಬೇರೆ ಏನು ಹೇಳಬೇಕೆಂದು ತೋಚುವುದಿಲ್ಲ.

ಇನ್ನು ಚಪ್ಪಾಳೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೇ ಬಾಲ್ಕನಿಗೆ ಬಂದು ತಟ್ಟೆ ಬಡಿಯಿತು. ಆಗ ಮನೆಮನೆಗೆ ಹೋಗಿ ಜ್ವರ ಇರುವವರ ಪಟ್ಟಿ ಮಾಡುತ್ತಿದ್ದವರು ಆಶಾ ಕಾರ್ಯಕರ್ತೆಯರು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬರು. ಗರ್ಭಿಣಿಯ ಹೆಸರು ನೋಂದಾಯಿಸುವುದರಿಂದ ಹಿಡಿದು ಮಗುವಿನ ಚುಚ್ಚುಮದ್ದಿನವರೆಗೆ ಅವರದೇ ಓಡಾಟ. ಊರಿಗೆ ಅವರು ಸರ್ಕಾರದವರು, ಸರ್ಕಾರಕ್ಕೆ ಸ್ವಯಂಸೇವಕಿಯರು. ಆದ್ದರಿಂದ ಸಂಬಳವಿಲ್ಲ, ಇರುವುದು ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. ತಟ್ಟೆಯ ಸದ್ದು ಅಡಗಿ ನಾಲ್ಕು ತಿಂಗಳಾಗುವುದರೊಳಗೆ, ಅದೇ ಜುಲೈಯಲ್ಲಿ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ನಿಗದಿ ಮಾಡಿ ಎಂದು ಕೆಲಸ ನಿಲ್ಲಿಸಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕೇ?

ಮಲ್ಲಿಗೆಯ ದಿನಗಳಿಗೇನೂ ಕೊರತೆ ಇಲ್ಲ. ಏಪ್ರಿಲ್ 21 ನಾಗರಿಕ ಸೇವಾ ದಿನ; 1947ರ ಆ ದಿನ ಸರ್ದಾರ್ ಪಟೇಲರು ದೆಹಲಿಯ ಮೆಟ್ಕಾಫ್ ಹೌಸ್‌ನಲ್ಲಿ ಹೊಸ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ್ದರು. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಗುಂಡಿಗೆ ಬಲಿಯಾದ ಹತ್ತು ಪೊಲೀಸರ ನೆನಪು ಅದು. ಸೆಪ್ಟೆಂಬರ್ 11 ಅರಣ್ಯ ಹುತಾತ್ಮರದು. ಮಾರ್ಚ್ 4 ಲೈನ್‌ಮ್ಯಾನ್‌ಗಳದು. ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರದು. ರಾಜ್ಯ ಸರ್ಕಾರದ ಸರ್ವೋತ್ತಮ ಸೇವಾ ಪ್ರಶಸ್ತಿಯೂ ಇದೆ. ಇವುಗಳಲ್ಲಿ ಕೆಲವು ನಿಜವಾಗಿ ಬೇಕಾದವೇ. 1991ರ ನವೆಂಬರ್ 10ರಂದು ವೀರಪ್ಪನ್ ಶರಣಾಗುತ್ತಾನೆಂದು ನಂಬಿ ಗೋಪಿನಾಥಂ ಕಾಡಿಗೆ ಹೋಗಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋಗಿ ಸುಟ್ಟುಹೋದ ಅರಣ್ಯ ರಕ್ಷಕ, ಇಂಥವರ ಹೆಸರನ್ನು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಲೇಬೇಕು. ಆದರೆ ಸತ್ತವರಿಗೆ ಕೊಡುವ ಗೌರವ ಬದುಕಿರುವವರ ಬಾಕಿಗೆ ಜಮೆಯಾಗುವುದಿಲ್ಲ.

ಬಾಕಿ ತೀರಿಸುವುದು ಹೇಗಿರುತ್ತದೆಂಬುದಕ್ಕೆ ಪೌರಕಾರ್ಮಿಕರದೇ ಕಥೆ ಸಾಕು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆಗಲೇ ಐ.ಪಿ.ಡಿ. ಸಾಲಪ್ಪ ಅವರ ಸಮಿತಿ ರಚನೆಯಾಗಿ, ಪೌರಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿ, 1976ರಲ್ಲಿ ವರದಿ ಕೊಟ್ಟಿತು. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕೆಂಬ ಅಳತೆ ಆ ವರದಿಯದು. ವರದಿ ಕಪಾಟು ಸೇರಿದ ಮೇಲೆ ಬಂದದ್ದು ಗುತ್ತಿಗೆ. ಬೆಳಗಿನ ಜಾವ ಬೀದಿಗಿಳಿಯುವವರ ಹೆಸರು ಪಟ್ಟಿಯಲ್ಲಿ ಒಂದಿರುತ್ತಿತ್ತು, ಸಂಬಳ ಇನ್ನೊಬ್ಬರ ಕೈ ಸೇರುತ್ತಿತ್ತು, ಭವಿಷ್ಯನಿಧಿ ಎಲ್ಲಿ ಹೋಯಿತೆಂದು ಕೇಳುವಂತಿರಲಿಲ್ಲ. ಗುತ್ತಿಗೆ ಕೊನೆಗಾಣಿಸಲು, ನೇರ ವೇತನ ಪಡೆಯಲು, ಕಾಯಂ ಆಗಲು ಅವರು ವರ್ಷಗಟ್ಟಲೆ ಬೀದಿಯಲ್ಲೇ ಕೂತರು. 2022ರ ಜುಲೈಯ ಮುಷ್ಕರದಲ್ಲಿ ಬೆಂಗಳೂರಿನ ಕಸ ಎದ್ದು ನಿಂತು ಅವರ ಪರ ವಾದಿಸಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶ ಪತ್ರ ಸಿಕ್ಕಿತು. ಪಾಲಿಕೆಯ ಮೊಹರು, ಕೆಳಗೆ ಸಹಿ, ಮೇಲೆ ತಮ್ಮದೇ ಹೆಸರು ಇರುವ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡಿದವರ ಮುಂದೆ ನಿಂತು ಶಾಲಿನ ಬೆಲೆ ಕಟ್ಟಿ ನೋಡಿ.

ನಮ್ಮ ಮೆಚ್ಚುಗೆಗೆ ಇನ್ನೊಂದು ಚಾಳಿ ಇದೆ, ಅದು ಯಾವಾಗಲೂ ಮೇಲಕ್ಕೇ ನೋಡುತ್ತದೆ. ಸಿನಿಮಾ ಶೈಲಿಯಲ್ಲಿ ಜೀಪಿನಿಂದಿಳಿದು ಎಲ್ಲರೆದುರು ಕೆಳಗಿನ ನೌಕರನನ್ನು ಬೈಯುವ ಅಧಿಕಾರಿಯ ವಿಡಿಯೊಗೆ ಲಕ್ಷ ಲೈಕು. ಬೈಸಿಕೊಂಡವನು ಮೂರು ಜನರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದಾನೋ ಏನೋ, ಕೇಳುವವರಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿವೆ ಎಂಬುದನ್ನು ಸರ್ಕಾರವೇ ಸದನದಲ್ಲಿ ಒಪ್ಪಿದೆ. ಖಾಲಿ ಕುರ್ಚಿಯ ಕೆಲಸ ಗಾಳಿಯಲ್ಲಿ ಕರಗುವುದಿಲ್ಲ, ಪಕ್ಕದ ಕುರ್ಚಿಗೆ ಬರುತ್ತದೆ. ಗ್ರಾಮ ಲೆಕ್ಕಿಗರನ್ನೇ ನೋಡಿ. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ರಾಜ್ಯದ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಜಗತ್ತಿನ ಗಮನ ಸೆಳೆಯಿತು, ಆಡಳಿತದ ಪಠ್ಯಗಳಲ್ಲಿ ಸೇರಿತು. ಅದನ್ನು ರೂಪಿಸಿದ ಅಧಿಕಾರಿಗಳಿಗೆ ಸಿಕ್ಕ ಕೀರ್ತಿ ನ್ಯಾಯವಾದದ್ದೇ. ಕೈಬರಹದ ಪಹಣಿಯ ಪಕ್ಕದಲ್ಲಿ ಅಚ್ಚಾದ ಹಾಳೆ ಇಟ್ಟುಕೊಂಡು, ಸರ್ವೆ ನಂಬರು, ಹಿಸ್ಸಾ, ಖರಾಬು, ಸಾಲದ ಬೋಜ ಎಲ್ಲವನ್ನೂ ಸಾಲು ಸಾಲಾಗಿ ತಾಳೆ ನೋಡಿದವರು ಲೆಕ್ಕಿಗರು. ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಹೆಸರಿನ ಜೊತೆಗೆ ಮೊಬೈಲಿನಲ್ಲಿ ಹತ್ತಾರು ಆ್ಯಪ್ ಬಂದಿವೆ. ಆ ಹೊರೆಯ ವಿರುದ್ಧವೇ 2024ರಲ್ಲಿ ಅವರು ಮುಷ್ಕರ ಹೂಡಿದರು. ಅಮಲ್ದಾರರಾಗಿದ್ದ ನವರತ್ನ ರಾಮರಾಯರು ತಮ್ಮ 'ಕೆಲವು ನೆನಪುಗಳು' ಕೃತಿಯಲ್ಲಿ ಹಳೆಯ ಮೈಸೂರಿನ ಪಟೇಲ, ಶಾನುಭೋಗರ ಲೋಕವನ್ನು ಮನಸ್ಸಿಟ್ಟು ಬರೆದಿಟ್ಟಿದ್ದಾರೆ. ಇಂದಿನ ಕಚೇರಿಯ ಕೆಳಗಿನ ಮೇಜುಗಳ ಬಗ್ಗೆ ಅಷ್ಟು ಮನಸ್ಸಿಟ್ಟು ಬರೆಯುವ ಅಧಿಕಾರಿ ಇನ್ನೊಬ್ಬರು ಬರಬೇಕು.

ಹಾಗಾದರೆ ನಮ್ಮ ಕೈಯಲ್ಲಿ ಆಗುವುದೇನು? ನಾನು ಸೂಚಿಸುವುದು ಹಳೆಯ ಕಾಲದ ಒಂದು ಸಾಧನ: ಪತ್ರ. ವಾಟ್ಸ್ಯಾಪಿನ ಹೂಗುಚ್ಛ ಸೇವಾ ಕಡತಕ್ಕೆ ಸೇರುವುದಿಲ್ಲ. ಪತ್ರಕ್ಕಾದರೆ ಒಂದು ನಂಬರು ಬೀಳುತ್ತದೆ. ಅದನ್ನು ನೌಕರನಿಗೆ ಬರೆಯಬಾರದು, ಅವನ ಮೇಲಧಿಕಾರಿಗೆ ಬರೆಯಬೇಕು. ಪವರ್‌ಮ್ಯಾನ್ ಆದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ, ಗ್ರಾಮ ಆಡಳಿತ ಅಧಿಕಾರಿಯಾದರೆ ತಹಶೀಲ್ದಾರರಿಗೆ, ದಾದಿಯಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ. 'ತುಂಬಾ ಒಳ್ಳೆಯವರು' ಎಂದು ಬರೆದರೆ ಅದು ಮೇ 31ರ ಭಾಷಣವಾಗುತ್ತದೆ. ಯಾವ ದಿನ, ಯಾವ ಅರ್ಜಿ, ಎಷ್ಟು ಹೊತ್ತಿಗೆ ಬಂದರು, ಏನು ಮಾಡಿದರು, ನಿಯಮದಲ್ಲಿ ಇಷ್ಟೇ ಸಾಕಿದ್ದರೂ ಎಷ್ಟು ಹೆಚ್ಚು ಮಾಡಿದರು, ಇಷ್ಟು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ ಮತ್ತು ಜಾಗ ಸಾಕು. ಕೊನೆಯಲ್ಲಿ 'ಈ ಪತ್ರವನ್ನು ಸದರಿ ನೌಕರರ ಸೇವಾ ಕಡತದಲ್ಲಿ ಇರಿಸಬೇಕಾಗಿ ವಿನಂತಿ' ಎಂಬ ಒಂದು ಸಾಲು. ಇರಿಸಲೇಬೇಕೆಂಬ ಒತ್ತಾಯ ಅಧಿಕಾರಿಯ ಮೇಲಿಲ್ಲ, ಆದರೆ ನಂಬರು ಬಿದ್ದ ಕಾಗದವನ್ನು ಕಣ್ಣಿಗೆ ಬೀಳದಂತೆ ಮಾಡುವುದು ಕಚೇರಿಯಲ್ಲಿ ಅಷ್ಟು ಸುಲಭವಲ್ಲ.

ಒಂದು ಹಾಳೆ ಎಷ್ಟರದ್ದು ಎನ್ನುವವರಿಗೆ ದೇವ್ ದತ್ ಪ್ರಕರಣ ಹೇಳಬೇಕು. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ಅವರು. ಒಂದು ವರ್ಷದ ಗೌಪ್ಯ ವರದಿಯಲ್ಲಿ ಅವರಿಗೆ 'ಉತ್ತಮ' ಎಂಬ ಷರಾ ಬಿದ್ದಿತ್ತು. ಬಡ್ತಿಗೆ ಬೇಕಿದ್ದದ್ದು 'ಅತ್ಯುತ್ತಮ'. ಹೊಗಳಿಕೆಯೇ ಆದ ಒಂದು ಪದ ಬಡ್ತಿಯನ್ನು ತಪ್ಪಿಸಿತು, ಅದು ಅವರಿಗೆ ಗೊತ್ತೂ ಆಗಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರನಿಗೆ ತಿಳಿಸಬೇಕು ಎಂದಿತು. ಬಡ್ತಿಯ ತಕ್ಕಡಿ ಅಷ್ಟು ಸೂಕ್ಷ್ಮ. ಮೇಲಧಿಕಾರಿ ಷರಾ ಬರೆಯಲು ಕೂತಾಗ ಅವರ ಮುಂದೆ ಇರುವುದು ತಮ್ಮ ಅನಿಸಿಕೆ, ಇದ್ದರೆ ಬಂದ ದೂರುಗಳು. ಅದರ ಜೊತೆಗೆ ಊರಿನವರ ತಾರೀಖು ಸಮೇತದ ಒಂದು ಕಾಗದ ಇದ್ದರೆ ತಕ್ಕಡಿಯ ಇನ್ನೊಂದು ತಟ್ಟೆಗೂ ಏನೋ ಬಿದ್ದಂತಾಯಿತು.

ಇಂಥದೊಂದು ಪತ್ರವನ್ನು ಕಚೇರಿಯೊಂದರ ಟಪಾಲು ಶಾಖೆಗೆ ಕೊಡಲು ಹೋದಾಗ ಅಲ್ಲಿನ ಗುಮಾಸ್ತರು ತಲೆ ಎತ್ತದೆ 'ದೂರು ಅರ್ಜಿನಾ ಸಾರ್?' ಎಂದರು. ಅಲ್ಲ, ನಿಮ್ಮ ಕಚೇರಿಯ ಒಬ್ಬರ ಕೆಲಸ ಮೆಚ್ಚಿ ಬರೆದದ್ದು ಎಂದೆ. ಅವರು ರಿಜಿಸ್ಟರಿನ ವಿಷಯದ ಕಾಲಂ ನೋಡಿದರು, ಹಿಂದಿನ ಪುಟ ತಿರುವಿದರು, ಪಕ್ಕದ ಮೇಜಿನ ಮೇಡಂ ಅವರನ್ನು ಕೇಳಿದರು. ಆ ಮೇಡಂ ಪತ್ರ ಇಸಕೊಂಡು ಮೊದಲಿಂದ ಕೊನೆಯವರೆಗೆ ಓದಿ, 'ಇತರೆ ಅಂತ ಹಾಕಿ' ಎಂದರು. 'ಇತರೆ' ಎಂದು ಬರೆದು, ನಂಬರು ಹಾಕಿ, ನನ್ನ ಪ್ರತಿಯ ಮೇಲೆ ಮೊಹರು ಒತ್ತಿ ಕೊಟ್ಟರು. ಆ ನಂಬರು ಜೋಪಾನವಾಗಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಒಂದೆರಡು ತಿಂಗಳು ಕಳೆದರೂ ಪತ್ರಕ್ಕೆ ಉತ್ತರ ಬರದಿದ್ದರೆ, ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ, ಸದರಿ ಸಂಖ್ಯೆಯ ಮೆಚ್ಚುಗೆ ಪತ್ರದ ಮೇಲೆ ಕೈಗೊಂಡ ಕ್ರಮವೇನು ಎಂದು ಕೇಳಬಹುದು. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು.